ಎಲ್ಲೆಕಲ್ಲಿನಾಚೆ ಸಿಗುತ್ತಿದ್ದ ಮದ್ದು

1971ರ ಆಗಸ್ಟ್ ಕೊನೆಯಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕು ಹೊಳೆಕೊಪ್ಪಲಿನ ಸಿದ್ದೇಗೌಡರು ಹೊಟ್ಟೆಯ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು ನಲವತ್ತರ ಆಸುಪಾಸು. ಅವರ ಹೆಣವನ್ನು ಊರೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಅವರು ನನ್ನ ಅಕ್ಕನ ಗಂಡ.

ಕಳೆದ ಏಪ್ರಿಲ್‌ನಲ್ಲಿ ಕಬಿನಿ ಜಲಾಶಯದ ನೀರು ತೀರ ಕೆಳಗಿಳಿದಿದೆ ಎಂದು ಕೇಳಿ ನೋಡಲು ಹೋಗಿದ್ದೆ. ನೀರು ಬಿಟ್ಟುಕೊಟ್ಟ ನೆಲ ಬಿಸಿಲಿಗೆ ಬಿರಿದಿತ್ತು. ಕೊಳೆತ ಜೊಂಡು, ಮೀನು, ಹಳೆಯ ಕೆಸರು ಎಲ್ಲ ಸೇರಿದ ವಾಸನೆ. ಆ ವಾಸನೆಗೆ ಮೊದಲು ನೆನಪಾದದ್ದು ಆ ಮಳೆಗಾಲದಲ್ಲಿ ಗಾಡಿಯೊಳಗೆ ಹಾಸಿದ್ದ ಒದ್ದೆ ಹುಲ್ಲು.

ನಾನು ಸಾಲಿಗ್ರಾಮದವನು. ಆಗ ಮೈಸೂರಿನ ಒಂದು ದಿನಪತ್ರಿಕೆಗೆ ಹೆಗ್ಗಡದೇವನಕೋಟೆಯಿಂದ ಸುದ್ದಿ ಕಳಿಸುತ್ತಿದ್ದೆ. ಬರೆದದ್ದನ್ನು ಲಕೋಟೆಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಗೆ ಮೈಸೂರು ಸೇರುತ್ತಿತ್ತು. ಆ ವರ್ಷಗಳಲ್ಲಿ ಕೋಟೆಯ ಸುದ್ದಿ ಎಂದರೆ ಅಣೆಕಟ್ಟು. ಕಬಿನಿಗೆ ಅಡ್ಡಲಾಗಿ ಗೋಡೆ ಏಳುತ್ತಿತ್ತು. ಹೊಳೆಯ ಎರಡೂ ದಂಡೆಯ ಹಳ್ಳಿಗಳಿಗೆ ನೋಟಿಸು ಬಂದಿತ್ತು. ಅಕ್ಕನನ್ನು ಕೊಟ್ಟ ಹೊಳೆಕೊಪ್ಪಲು ಮುಳುಗಡೆಯ ಪಟ್ಟಿಯಲ್ಲಿತ್ತು. ಆದರೂ ಆ ಮುಂಗಾರಿನಲ್ಲಿ ಎಲ್ಲರೂ ಉತ್ತು ಬಿತ್ತಿದರು. ನೀರು ಬರುವುದು ಅಧಿಕಾರಿಗಳ ಮಾತು, ಮಳೆ ಬಂದಿರುವುದು ಕಣ್ಣಿಗೆ ಕಾಣುವ ಮಾತು ಎಂಬಂತೆ ಇದ್ದರು.

ಬಾವನಿಗೆ ಹೊಟ್ಟೆನೋವು ಶುರುವಾದದ್ದು ಬೇಸಿಗೆಯಲ್ಲಿ. ಮೈಸೂರಿನ ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿನವರು ಹೊಟ್ಟೆ ಕೊಯ್ದು ನೋಡಿದರು, ಏನನ್ನೂ ತೆಗೆಯದೆ ಹೊಲಿದರು. ಗಡ್ಡೆ ಲಿವರಿಗೂ ಹತ್ತಿದೆ, ಮಾಡುವುದಕ್ಕೆ ಏನೂ ಇಲ್ಲ, ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋವಿಗೆ ಮದ್ದು ಕೊಡಿಸಿ ಎಂದು ಹೊರಗಿನ ವರಾಂಡದಲ್ಲಿ ನಮಗೆ ಹೇಳಿದರು. ನಾವು ಎಂದರೆ ಮೂವರು: ನಾನು, ಅಕ್ಕ, ಬಾವನ ಅಣ್ಣ ಪುಟ್ಟೇಗೌಡರು. ಅಪ್ಪ ಇಲ್ಲದ ಮನೆಯಲ್ಲಿ ತಮ್ಮನನ್ನು ಸಾಕಿ, ಓಡಾಡಿ ಹೆಣ್ಣು ತಂದು ಮದುವೆ ಮಾಡಿದವರು ಅವರೇ. ಅವರು ಅಲ್ಲೇ ತೀರ್ಮಾನ ಮಾಡಿದರು. ತಮ್ಮನಿಗೆ ಹುಣ್ಣು ಎಂದು ಹೇಳುವುದು. ನಿಜ ತಿಳಿದರೆ ಅವನು ರೋಗಕ್ಕಿಂತ ಮೊದಲೇ ಎದೆಯೊಡೆದು ಹೋಗುತ್ತಾನೆ ಎಂದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾನೂ ಬೇಡ ಎನ್ನಲಿಲ್ಲ. ಆ ಕಾಲದಲ್ಲಿ ಎಲ್ಲ ಮನೆಗಳಲ್ಲೂ ಹೀಗೇ ಮಾಡುತ್ತಿದ್ದರು.

ಕೋಟೆಯ ಹೊರಗೆ, ಮೈಸೂರು ರಸ್ತೆಯ ದಿಣ್ಣೆಯ ಮೇಲೆ ಒಂದು ಧರ್ಮಾಸ್ಪತ್ರೆ ಇತ್ತು. ಈಗ ಇಲ್ಲ. ಜನ ಅದನ್ನು ಹೆಂಚಿನಾಸ್ಪತ್ರೆ ಎಂದು ಕರೆಯುತ್ತಿದ್ದರು. ಡಾಕ್ಟರು ಒಬ್ಬರೇ, ಹೆಂಗಸು, ವಯನಾಡಿನ ಕಡೆಯವರು. ಬಂದ ಹೊಸದರಲ್ಲಿ ಕನ್ನಡ ಬರುತ್ತಿರಲಿಲ್ಲವಂತೆ. ರೋಗಿಗಳಿಂದಲೇ ಕಲಿತಿದ್ದರಿಂದ ಹಳ್ಳಿಯವರ ಹಾಗೆಯೇ ಮಾತಾಡುತ್ತಿದ್ದರು. ನೋವಿಗೆ ಕೊಡುವ ಮಾರ್ಫಿನ್ ಸೂಜಿಮದ್ದು ಅವರ ಕೋಣೆಯ ಕಬ್ಬಿಣದ ಬೀರುವಿನಲ್ಲಿರುತ್ತಿತ್ತು, ಬೀಗದ ಕೈ ಅವರ ಕೊರಳಲ್ಲಿ. ಸರ್ಕಾರದ ಪರವಾನಗಿಯ ಮೇಲೆ ಬರುತ್ತಿದ್ದ ಮದ್ದು ಅದು. ಆಸ್ಪತ್ರೆಯಿಂದ ಹೊರಗೆ ಹೋಗುವಂತಿರಲಿಲ್ಲ.

ಬಾವನನ್ನು ಅಲ್ಲಿ ಸೇರಿಸಿದೆವು. ಮೊದಲ ಸೂಜಿ ಬಿದ್ದ ಮೇಲೆ ಅವರು ಎದ್ದು ಕೂತರು. ಸಂಜೆ ನಾನು ಹೋದಾಗ ಲೋಟದಲ್ಲಿ ಕಾಫಿ ಹಿಡಿದುಕೊಂಡು, "ಏನ್ಲಾ ಪೇಪರ್‌ನೋನೆ, ನಮ್ಮೂರ ಮುಳುಗ್ಸಿ ಮುಗೀತಾ, ಇನ್ನೂ ಅದಾ?" ಎಂದು ಕೇಳಿದರು. ಹುಣ್ಣು ಮಾಯುತ್ತಿದೆ ಎಂದು ನಂಬಿದ್ದರು. ನಾಟಿ ಹೊತ್ತಿಗೆ ಮನೆಗೆ ಹೋಗುವ ಲೆಕ್ಕ ಹಾಕುತ್ತಿದ್ದರು.

ಆ ಆಸ್ಪತ್ರೆಯ ಅಂಗಳದಲ್ಲಿ ಒಂದು ದೊಡ್ಡ ಹುಣಸೆಮರವಿತ್ತು. ಅದರಡಿ ಯಾವಾಗಲೂ ಗಾಡಿಗಳು ನೊಗ ಇಳಿಸಿ ನಿಂತಿರುತ್ತಿದ್ದವು. ಕಾರಣ ಹೊಳೆದಂಡೆಯ ಹಳ್ಳಿಗಳ ಒಂದು ಕಟ್ಟುಪಾಡು. ಊರಾಚೆ ಜೀವ ಬಿಟ್ಟವರ ಹೆಣ ಎಲ್ಲೆಕಲ್ಲು ದಾಟಿ ಒಳಗೆ ಬರಬಾರದು. ಬಂದರೆ ಊರಿಗೆ ಕೇಡು. ಮನೆಯಲ್ಲಿ ಸತ್ತವರಿಗೆ ಹೊಳೆಯ ಪಕ್ಕದ ಸ್ಮಶಾನದಲ್ಲಿ ಅಪ್ಪ ಅವ್ವನ ಬಳಿ ಜಾಗ. ಹೊರಗೆ ಸತ್ತವರನ್ನು ಹೊರಗೇ ಎಲ್ಲಾದರೂ ಹೂಳಬೇಕು. ಹಾಗಾಗಿ ಉಳಿಯುವ ಭರವಸೆಯಿಲ್ಲದ ರೋಗಿಯ ಜೊತೆಗೆ ಗಾಡಿಯೂ ಬರುತ್ತಿತ್ತು. ಕೊನೆಯ ಹೊತ್ತು ಯಾವುದೆಂದು ಡಾಕ್ಟರಮ್ಮ ಹೇಳಬೇಕು, ಹೇಳಿದ ಕೂಡಲೇ ಉಸಿರಿರುವಾಗಲೇ ಊರು ಸೇರಿಸಬೇಕು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರೆ ಎತ್ತು ಕಟ್ಟಬಹುದು ಎಂದು ಗಾಡಿಯವರು ತಮ್ಮತಮ್ಮಲ್ಲೇ ತಮಾಷೆ ಮಾಡಿಕೊಳ್ಳುತ್ತಿದ್ದರು.

ಪುಟ್ಟೇಗೌಡರ ಗಾಡಿಯೂ ಆ ಮರದಡಿ ಬಂದು ನಿಂತಿತು. ಅದು ಯಾಕೆ ನಿಂತಿದೆ ಎಂದು ಬಾವ ಕೇಳಿದರೆ, ಗೊಬ್ಬರ ಒಯ್ಯಲು ಬಂದಿದೆ ಎಂದು ಅಕ್ಕ ಹೇಳಿದಳು.

ಪುಟ್ಟೇಗೌಡರು ದಿನಾ ಬೆಳಿಗ್ಗೆ ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ಟವಲು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಹೊತ್ತು ಹೇಳಲು ನಾನು ದೇವರಲ್ಲ ಎಂದು ಡಾಕ್ಟರಮ್ಮ ಕಳಿಸುತ್ತಿದ್ದರು. ಒಂದು ದಿನ ನಾನೂ ಜೊತೆಗಿದ್ದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ರೋಗಿಗೆ ನಿಜ ಹೇಳಲು ಬಿಡಿ ಎಂದು ಕೇಳಿದರು. ಪುಟ್ಟೇಗೌಡರು ತಲೆಯಾಡಿಸಿದರು.

"ಊರಿಗೆಲ್ಲ ಗೊತ್ತದೆ, ಅವರಿಗೊಬ್ಬರಿಗೆ ಗೊತ್ತಿಲ್ಲ. ನಾನು ಅವರ ಡಾಕ್ಟ್ರಾ, ನಿಮ್ಮ ಡಾಕ್ಟ್ರಾ?"

"ನೀವು ಊರಿಗೆಲ್ಲ ಡಾಕ್ಟ್ರೇ ಕಣವ್ವ. ಆದ್ರೆ ಅವ್ನು ನಾನ್ ಸಾಕಿದ್ ತಮ್ಮ. ಹುಣ್ಣು ಅಂದೀವಿ, ಹುಣ್ಣಾಗೇ ಇರ್ಲಿ ಬುಡಿ."

ಡಾಕ್ಟರಮ್ಮ ಆ ಮಾತನ್ನು ಮೀರಲಿಲ್ಲ. ಮೀರಿದರೆ ಗಾಡಿ ಅವತ್ತೇ ಹೊರಡುತ್ತದೆ, ಸೂಜಿ ತಪ್ಪುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಜುಲೈ ಕೊನೆಯಲ್ಲಿ ಮಳೆ ಬಿಡದೆ ಹಿಡಿಯಿತು. ಒಂದು ಬೆಳಿಗ್ಗೆ ಬಾವನಿಗೆ ಎಚ್ಚರ ತಪ್ಪಿತು. ಉಸಿರು ನಿಂತು ನಿಂತು ಬರುತ್ತಿತ್ತು, ಕಾಲು ತಣ್ಣಗಾಗಿತ್ತು. ಡಾಕ್ಟರಮ್ಮ ನಾಡಿ ಹಿಡಿದು ಬಹಳ ಹೊತ್ತು ಕೂತರು. ಪುಟ್ಟೇಗೌಡರು ಮಂಚದ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಇಷ್ಟು ವರ್ಷ ಸಾಕಿದ್ದಕ್ಕೆ ಅವ್ವನ ಪಕ್ಕ ಮಲಗಿಸುವ ಒಂದು ಭಾಗ್ಯ ಕೊಡಿ ಎಂದು ಕೈಮುಗಿದರು. ಡಾಕ್ಟರಮ್ಮ ಕನ್ನಡಕ ತೆಗೆದರು. ಇವತ್ತು ಕಳೆಯುವುದು ಕಷ್ಟ ಎಂದರು.

ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಗೋಣಿತಾಟು ಕಟ್ಟಿ ಹೊರಟೆವು. ದಾರಿ ಉದ್ದಕ್ಕೂ ಅಕ್ಕ ಅವರ ಬಾಯಿಯ ಮುಂದೆ ಕೈ ಹಿಡಿದು ಉಸಿರು ನೋಡುತ್ತಿದ್ದಳು. ಎಲ್ಲೆಕಲ್ಲು ದಾಟಿದಾಗ ಪುಟ್ಟೇಗೌಡರು ಗಾಡಿಯಿಂದಿಳಿದು ಕಲ್ಲಿಗೆ ನಮಸ್ಕಾರ ಮಾಡಿದರು. ಅಷ್ಟರಲ್ಲಿ ಸ್ಮಶಾನದಲ್ಲಿ ಗುಂಡಿ ತೋಡಲು ಆಳು ಹೋಗಿಯಾಗಿತ್ತು. ಹೊಳೆ ಏರುತ್ತಿದ್ದುದರಿಂದ ತಡಮಾಡಿದರೆ ಗುಂಡಿಯಲ್ಲಿ ನೀರು ಬರುತ್ತದೆ ಎಂಬ ಆತುರ. ನೆಂಟರು ಬಂದರು. ಪಡಸಾಲೆಯಲ್ಲಿ ಮಲಗಿಸಿ, ಬಾಯಿಗೆ ನೀರು ಬಿಟ್ಟರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾವ ಕಣ್ಣು ಬಿಟ್ಟರು. ಸುತ್ತಲೂ ಕೂತಿದ್ದವರನ್ನು ಒಬ್ಬೊಬ್ಬರಾಗಿ ನೋಡಿದರು. "ಯಾರ್ ಮದ್ವೆ?" ಎಂದು ಕೇಳಿದರು. ಯಾರೂ ನಗಲಿಲ್ಲ. ಆಮೇಲೆ ಗಂಜಿ ಕೇಳಿದರು, ಅಕ್ಕ ಕೊಟ್ಟಳು, ಕುಡಿದರು.

ಮಾರನೆಯ ದಿನವೂ ಇದ್ದರು. ಅದರ ಮಾರನೆಯ ದಿನವೂ. ನೆಂಟರು ಹೇಳದೆ ಕೇಳದೆ ಒಬ್ಬೊಬ್ಬರಾಗಿ ಹೊರಟರು. ತೋಡಿದ ಗುಂಡಿಯನ್ನು ಬರಿದೇ ಬಿಡಬಾರದೆಂದು ಪುಟ್ಟೇಗೌಡರು ಅದರಲ್ಲಿ ಬಾಳೆದಿಂಡು ಮಲಗಿಸಿ ಮಣ್ಣೆಳೆಸಿದರು. ಈ ಸುದ್ದಿ ಬಾವನಿಗೆ ತಿಳಿಯದಂತೆ ನೋಡಿಕೊಂಡರು.

ಸೂಜಿಯ ಗುಣ ಇಳಿದ ಮೇಲೆ ನೋವು ಬಂತು. ಅದನ್ನು ವಿವರಿಸುವುದು ನನಗೆ ಬೇಕಿಲ್ಲ. ಆಚೆ ಬೀದಿಗೂ ಕೇಳುತ್ತಿತ್ತು. ಅಕ್ಕಪಕ್ಕದವರು ಮಕ್ಕಳನ್ನು ಬೇರೆ ಮನೆಗಳಲ್ಲಿ ಮಲಗಿಸುತ್ತಿದ್ದರು. ಬಾವ ದನ ಕಟ್ಟುವ ಹಗ್ಗವನ್ನು ಕಚ್ಚಿ ಹಿಡಿದಿರುತ್ತಿದ್ದರು. ನೋವು ಸ್ವಲ್ಪ ಸಡಿಲಾದಾಗ ಅಕ್ಕನನ್ನು ಕೇಳುತ್ತಿದ್ದ ಮಾತು ಒಂದೇ. ಹುಣ್ಣು ಮಾಯುತ್ತಿತ್ತಲ್ಲ, ಸೂಜಿ ಯಾಕೆ ನಿಲ್ಲಿಸಿದಿರಿ? ಒಂದು ದಿನ ಅವರು ನನ್ನ ಕಡೆ ತಿರುಗಿ, "ನಿಮ್ಮಕ್ಕುಂಗೆ ಆಸ್ಪತ್ರೆ ವಾಸ ಬೇಜಾರಾಯ್ತು ಕಣ್ಲಾ. ಅದ್ಕೇ ಎತ್ಕೊಂಡ್ ಬಂದ್ಲು" ಎಂದರು. ಅಕ್ಕ ಒಲೆಯ ಮುಂದೆ ಕೂತು ಕೇಳಿಸಿಕೊಂಡಳು.

ಮತ್ತೆ ಆಸ್ಪತ್ರೆಗೆ ಒಯ್ಯೋಣ ಎಂದರೆ ಪುಟ್ಟೇಗೌಡರು ಒಪ್ಪಲಿಲ್ಲ. ಜೀವ ಊರು ಸೇರಿದೆ, ಮತ್ತೆ ಹೊರಗೆ ಹಾಕಿದರೆ ಮರಳಿ ತರುವ ಹೊತ್ತು ಸಿಗುವುದಿಲ್ಲ, ಮಳೆ ಬೇರೆ. ಅವರೂ ಊಟ ಬಿಟ್ಟಿದ್ದರು. ತಮ್ಮ ಕೂಗಿದಾಗಲೆಲ್ಲ ಎದ್ದು ಕೊಟ್ಟಿಗೆಗೆ ಹೋಗಿ ಎತ್ತುಗಳ ನಡುವೆ ನಿಲ್ಲುತ್ತಿದ್ದರು.

ಕಡೆಗೆ ಒಂದು ದಿನ ಅಕ್ಕ ಮತ್ತು ನಾನು ಮಳೆಯಲ್ಲೇ ನಡೆದು ಹೆಂಚಿನಾಸ್ಪತ್ರೆಗೆ ಹೋದೆವು. ಮದ್ದನ್ನು ಮನೆಗೆ ಕೊಡಿ ಎಂದು ಕೇಳಿದೆ. ಅದು ಆಗುವುದಿಲ್ಲ ಎಂದರು ಡಾಕ್ಟರಮ್ಮ. ಕಾನೂನು ಒಂದು ಕಡೆ ಇರಲಿ, ಕೊಟ್ಟರೂ ಅಲ್ಲಿ ಚುಚ್ಚುವವರು ಯಾರು, ಉಸಿರು ಕಡಿಮೆಯಾದರೆ ನೋಡುವವರು ಯಾರು ಎಂದರು. ತಾವೇ ಬರೋಣವೆಂದರೆ ಹೆರಿಗೆಗೆ ಬಂದ ಇಬ್ಬರು ಹೆಂಗಸರನ್ನು ಬಿಟ್ಟು ಬರುವ ಹಾಗಿರಲಿಲ್ಲ. ನೋವಿನ ಮಾತ್ರೆ ಕೊಟ್ಟರು. ನಮಗೂ ಗೊತ್ತಿತ್ತು, ಬಾವನ ಹೊಟ್ಟೆಯಲ್ಲಿ ಮಾತ್ರೆ ನಿಲ್ಲುತ್ತಿರಲಿಲ್ಲ.

ಆಗ ಅಕ್ಕ ನೆಲದ ಮೇಲೆ ಕೂತಳು. ಅಲ್ಲಿಯವರೆಗೆ ಅವಳು ಡಾಕ್ಟರಮ್ಮನ ಎದುರು ಬಾಯಿ ತೆರೆದಿರಲಿಲ್ಲ.

"ಒಂದೇ ಸಲಕ್ಕೆ ದೊಡ್ಡದು ಕೊಟ್ಬುಡಿ ಅಂದ್ರೆ ಕೊಟ್ಟೀರಾ? ನಾನ್ ಯಾರ್‍ಗೂ ಏಳಾಕಿಲ್ಲ."

ಡಾಕ್ಟರಮ್ಮ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. "ನೋವು ಹೋಗಕ್ಕೆ ಎಷ್ಟು ಬೇಕೋ ಅಷ್ಟೂ ಕೊಡ್ತೀನಿ ತಾಯಿ. ಅದ್ರಿಂದ ಉಸಿರು ಕಮ್ಮಿಯಾಗಿ ನಾಕ್ ದಿನ ಮುಂಚೆ ಹೋದ್ರೂ ನಾನು ತಲೆ ಕೊಡ್ತೀನಿ. ಸಾಯ್ಲಿ ಅಂತ ಕೊಡಾಕಿಲ್ಲ. ಅವರನ್ನ ಕರ್ಕೊಂಡ್ ಬಾ. ಆದ್ರೆ ಈ ಸಲ ಅವರನ್ನ ಕೇಳ್ಕೊಂಡು ಬಾ. ನಾನು ಇನ್ಮೇಲೆ ಹೊತ್ತು ಹೇಳಲ್ಲ."

ಹಿಂತಿರುಗುವ ದಾರಿಯಲ್ಲಿ ಅಕ್ಕ ಎಲ್ಲೆಕಲ್ಲಿನ ಬಳಿ ನಿಂತು ಸೀರೆ ಹಿಂಡಿಕೊಂಡಳು.

ಅವಳು ಬಾವನಿಗೆ ಹೇಳಿದ್ದು ಮರುದಿನ ಮಧ್ಯಾಹ್ನ. ಪುಟ್ಟೇಗೌಡರು ಗದ್ದೆಗೆ ಹೋಗಿದ್ದರು. ಬಾವ ಗೋಡೆಗೆ ಒರಗಿ ಕೂತಿದ್ದರು, ಹಗ್ಗ ತೊಡೆಯ ಮೇಲಿತ್ತು. ನಾನು ಬಾಗಿಲ ಹತ್ತಿರ ಇದ್ದೆ.

"ಅದು ಹುಣ್ಣಲ್ಲ ಕಣ್ರೀ," ಎಂದಳು ಅಕ್ಕ. "ಮೈಸೂರ್ನಲ್ಲಿ ಕುಯ್ದು ನೋಡಿ ಅಂಗೇ ಮುಚ್ಚವ್ರೆ. ಕ್ಯಾನ್ಸರ್ರು. ವಾಸಿ ಆಗಾಕಿಲ್ಲ."

ಬಾವ ಸೂರಿನಿಂದ ಬೀಳುತ್ತಿದ್ದ ನೀರನ್ನು ನೋಡುತ್ತಿದ್ದರು.

"ಯಾವಾಗ್ನಿಂದ ಗೊತ್ತು?"

"ಬಿತ್ನೆಗಿಂತ ಮುಂಚೆಯಿಂದ."

"ಅಣ್ಣುಂಗೆ?"

"ಗೊತ್ತು."

"ಇವ್ನಿಗೆ?"

ನಾನು ಹೌದು ಎಂದೆ.

"ಪೇಪರ್‌ನಾಗೆ ಆಕ್ಬುಟ್ಟಿದ್ರೆ ನಾನೂ ಯಾರ್‍ಕೈಲಾದ್ರೂ ಓದುಸ್ಕೊಂಡು ತಿಳ್ಕತಿದ್ದೆ ಕಣ್ಲಾ," ಎಂದರು.

ಅಕ್ಕ ಮುಂದಿನದನ್ನೂ ಹೇಳಿದಳು. ಗಾಡಿ ಮರದಡಿ ನಿಂತಿದ್ದು ಯಾಕೆ, ಅವತ್ತು ನೆಂಟರು ಬಂದದ್ದು ಯಾಕೆ, ಗುಂಡಿ, ಬಾಳೆದಿಂಡು. ಯಾವುದನ್ನೂ ಬಿಡಲಿಲ್ಲ. ಕೊನೆಗೆ, "ಅಲ್ಲಿ ಸೂಜಿ ಅದೆ. ಅಲ್ಲಿಗೋದ್ರೆ ಊರಿಲ್ಲ. ಇಲ್ಲಿ ಊರದೆ, ಸೂಜಿಯಿಲ್ಲ. ನೀವ್ ಏಳ್ದಂಗೆ ಮಾಡ್ತೀನಿ," ಎಂದಳು.

ಬಾಳೆದಿಂಡಿನ ಮಾತಿಗೆ ಬಾವನ ಮುಖದಲ್ಲಿ ನಗು ಬಂದಂತೆ ಆಯಿತು, ಅಷ್ಟರಲ್ಲಿ ನೋವು ಬಂದು ಹಗ್ಗ ಕಚ್ಚಿದರು. ನಾವು ಕಾದೆವು. ಬಹಳ ಹೊತ್ತಿನ ಮೇಲೆ ಹಗ್ಗವನ್ನು ಬಾಯಿಂದ ತೆಗೆದರು.

"ಅವ್ವುನ್ ಪಕ್ಕ ಮನೀಕಬೇಕು ಅಂತಿತ್ತು ಕಣಮ್ಮಿ. ಊರೇ ಇರಾಕಿಲ್ವಲ್ಲ ಇನ್ನು. ಗಾಡಿ ಕಟ್ಸು."

ಸಂಜೆ ಪುಟ್ಟೇಗೌಡರು ಬಂದು ಸುದ್ದಿ ಕೇಳಿ ಜಗಲಿಯ ಮೇಲೆ ಕೂತುಬಿಟ್ಟರು. ಅಕ್ಕನನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಮುಳುಗುವ ಊರಿನ ಕಟ್ಟು ಯಾರಿಗೆ ಬೇಕು, ಈ ಒಂದು ಸಲ ಸಡಿಲಿಸಿ ಎಂದು ನಾನು ಕೇಳಿದೆ. ಮುಳುಗುವ ತನಕ ಅದು ಊರೇ ಎಂದರು. ತಾವು ಒಪ್ಪಿದರೂ ಊರಿನವರು ಒಪ್ಪುವುದಿಲ್ಲ, ಮುಂದೆ ಮುಳುಗಡೆಯವರಿಗೆ ಸರ್ಕಾರ ಕೊಡುವ ಕಾಲೊನಿಯಲ್ಲಿ ಅದೇ ಜನರ ಜೊತೆ ಬದುಕಬೇಕು ಎಂದರು. ಬೆಳಗಾದ ಮೇಲೆ ಎತ್ತುಗಳನ್ನು ತಾವೇ ಹೊಡೆದುಕೊಂಡು ಬಂದು ನೊಗಕ್ಕೆ ಕಟ್ಟಿದರು. ಹುಲ್ಲನ್ನು ತಾವೇ ಹಾಸಿದರು. ತಮ್ಮನನ್ನು ಎತ್ತಿ ಮಲಗಿಸಿದರು.

ಗಾಡಿಯ ಪಕ್ಕದಲ್ಲಿ ಎಲ್ಲೆಕಲ್ಲಿನವರೆಗೆ ನಡೆದು ಬಂದು ಅಲ್ಲಿ ನಿಂತರು.

"ಈ ಕಲ್ಲು ದಾಟುದ್ರೆ ಆಮೇಲೆ ನನ್ ಕೈಲಿ ಏನೂ ಇಲ್ಲ ಕಣಪ್ಪ," ಎಂದರು.

ಬಾವ ಗೋಣಿತಾಟನ್ನು ಸರಿಸಿ ಅವರ ಮುಖ ನೋಡಿದರು. "ಒಂದ್ ಮಾತ್ ನನ್ ಕೇಳ್ಬಾರ್ದಿತ್ತೇನಣ್ಣ?"

ಪುಟ್ಟೇಗೌಡರು ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕಲ್ಲಿನ ಪಕ್ಕದಲ್ಲೇ ಇದ್ದರು.

ಹೆಂಚಿನಾಸ್ಪತ್ರೆಯಲ್ಲಿ ಗಾಡಿಯಿಂದ ಇಳಿಸುವ ಮೊದಲೇ ಡಾಕ್ಟರಮ್ಮ ಬಂದು ಸೂಜಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಬಾವನ ಬಿಗಿದ ಕೈ ಬಿಚ್ಚಿಕೊಂಡಿತು. ಅವತ್ತು ಹಗಲೆಲ್ಲ ನಿದ್ದೆ ಮಾಡಿದರು. ಅಕ್ಕನೂ ಮಂಚದ ಕೆಳಗೆ ಮಲಗಿ ನಿದ್ದೆ ಮಾಡಿದಳು.

ಆಮೇಲೆ ಅವರು ಬದುಕಿದ್ದು ಕೆಲವೇ ದಿನ. ಆ ದಿನಗಳಲ್ಲಿ ಗಡ್ಡ ಹೆರೆಸಿಕೊಂಡರು. ಕಾಲೊನಿಯಲ್ಲಿ ಜಾಗ ಕೊಡುವಾಗ ತಗ್ಗಿನದು ಬೇಡ, ದಿಣ್ಣೆಯದು ಕೇಳು ಎಂದು ಅಕ್ಕನಿಗೆ ಹೇಳಿದರು. ಆಸ್ಪತ್ರೆ ವಾಸ ಬೇಜಾರಾಗಿ ಎತ್ತಿಕೊಂಡು ಬಂದಳು ಎಂದಿದ್ದನ್ನು ಮರೆತುಬಿಡು ಎಂದೂ ಹೇಳಿದರಂತೆ. ಅಣ್ಣ ಬಂದನೇ ಎಂದು ದಿನಾ ಕೇಳುತ್ತಿದ್ದರು. ಪುಟ್ಟೇಗೌಡರು ಬರಲಿಲ್ಲ. ಸೂಜಿಯ ಪ್ರಮಾಣ ಏರುತ್ತಾ ಹೋಯಿತು, ನಿದ್ದೆಯೂ. ಒಂದು ಬೆಳಿಗ್ಗೆ, ಅಕ್ಕ ಮುಖ ಒರೆಸುತ್ತಿದ್ದಾಗ ಉಸಿರು ನಿಂತಿತು.

ಊರಿಗೆ ಹೇಳಿಕಳಿಸಿದೆವು. ಹೆಣ ಎಲ್ಲೆಕಲ್ಲು ದಾಟುವುದು ಬೇಡ ಎಂಬ ಉತ್ತರ ಬಂತು. ಆಸ್ಪತ್ರೆಯ ಹಿಂದಿನ ದಿಣ್ಣೆಯಲ್ಲಿ ಹೂಳಲು ಡಾಕ್ಟರಮ್ಮ ಆಸ್ಪತ್ರೆ ನಡೆಸುತ್ತಿದ್ದ ಟ್ರಸ್ಟಿನವರ ಒಪ್ಪಿಗೆ ಪಡೆದರು. ಮಣ್ಣು ಹಾಕುವ ಹೊತ್ತಿಗೆ ಪುಟ್ಟೇಗೌಡರು ಒಬ್ಬರೇ ನಡೆದು ಬಂದರು. ಟವಲಿನಲ್ಲಿ ಸ್ಮಶಾನದಿಂದ ಅವ್ವನ ಗುಡ್ಡೆಯ ಮಣ್ಣು ಕಟ್ಟಿಕೊಂಡು ತಂದಿದ್ದರು. ಅದನ್ನು ಸುರಿದು, ಟವಲು ಕೊಡವಿ ಹೋದರು. ಆ ದಿನ ಮಧ್ಯಾಹ್ನದ ಬಸ್ಸಿಗೆ ನಾನು ಕೊಟ್ಟ ಲಕೋಟೆಯಲ್ಲಿ ಪರಿಹಾರದ ಅರ್ಜಿಗಳು ತಡವಾಗುತ್ತಿರುವ ಸುದ್ದಿ ಇತ್ತು.

ಡಾಕ್ಟರಮ್ಮ ಹೇಳಿದಂತೆಯೇ ಮತ್ತೆ ಯಾರಿಗೂ ಹೊತ್ತು ಹೇಳಲಿಲ್ಲ. ಬೇಕಾದರೆ ಇಲ್ಲೇ ಇರಲಿ, ನೋವಿಲ್ಲದಂತೆ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದರು. ಜನ ಅದನ್ನು ನಂಬಿ ಉಳಿಯಲಿಲ್ಲ. ಹೊತ್ತು ತಪ್ಪೀತೆಂದು ರೋಗಿಗಳನ್ನು ಇನ್ನೂ ಬೇಗ ಕರೆದುಕೊಂಡು ಹೋಗತೊಡಗಿದರು, ಕೆಲವರನ್ನು ತಂದ ವಾರದಲ್ಲೇ. ಹುಣಸೆಮರದಡಿ ಗಾಡಿಗಳು ಕಡಿಮೆಯಾದವು. ತಾವು ಮಾಡಿದ್ದು ಸರಿಯೋ ಎಂದು ಡಾಕ್ಟರಮ್ಮ ಒಂದು ಸಲ ನನ್ನನ್ನೇ ಕೇಳಿದರು. ಕೆಲವು ವರ್ಷಗಳ ಮೇಲೆ ಅವರು ತಮ್ಮ ಊರಿಗೆ ಹೋದರು, ಆಸ್ಪತ್ರೆ ಮುಚ್ಚಿತು.

ಬಾವ ಹೋದ ಕೆಲವು ವರ್ಷಕ್ಕೆ ನೀರು ನಿಂತಿತು. ಹೊಳೆಕೊಪ್ಪಲಿನವರು ಕಾಲೊನಿಗೆ ಹೋದರು. ಅಕ್ಕ ದಿಣ್ಣೆಯ ಜಾಗ ಕೇಳಿ ಪಡೆದಳು. ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡಲು ಹಿರಿಯರ ಗುಡ್ಡೆಗಳು ಯಾರಿಗೂ ಉಳಿದಿರಲಿಲ್ಲ. ಪುಟ್ಟೇಗೌಡರು ಬದುಕಿರುವ ತನಕ ಪ್ರತಿವರ್ಷ ಬುತ್ತಿ ಕಟ್ಟಿಕೊಂಡು ಹೆಂಚಿನಾಸ್ಪತ್ರೆಯ ದಿಣ್ಣೆಗೆ ಬರುತ್ತಿದ್ದರು. ಅವರನ್ನು ಕಾಲೊನಿಯ ಹೊಸ ಸ್ಮಶಾನದಲ್ಲಿ ಹೂತರು. ಅಕ್ಕ ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಆಂಬುಲೆನ್ಸ್ ಹೆಣವನ್ನು ಕಾಲೊನಿಯ ಮನೆ ಬಾಗಿಲಿಗೆ ತಂದಿತು. ಯಾರೂ ತಡೆಯಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಪುಟ್ಟೇಗೌಡರ ಮಗನೂ ನನ್ನ ಜೊತೆ ಬಂದಿದ್ದ. ಇಬ್ಬರೂ ಬಿರಿದ ಕೆಸರಿನ ಮೇಲೆ ನೀರಿನ ಅಂಚಿನವರೆಗೆ ನಡೆದೆವು. ಊರಿನ ಮನೆಗಳ ತಳಪಾಯ ಅಲ್ಲಲ್ಲಿ ಕಾಣುತ್ತಿತ್ತು. ಸ್ಮಶಾನ ಹೊಳೆಯ ಪಕ್ಕದ ತಗ್ಗಿನಲ್ಲಿದ್ದದ್ದರಿಂದ ಇನ್ನೂ ನೀರಿನಲ್ಲೇ ಇತ್ತು. ಎಲ್ಲೆಕಲ್ಲು ಮೇಲೆ ಬಂದಿತ್ತು.